ಮಿನಿವ್ಯಾನ್‌ಗೆ ಟ್ರೈಲರ್ ಕಟ್ಟುವ ಮುನ್ನ ಮತ್ತು ಕಟ್ಟಿದ ಮೇಲೆ

ಮಿನಿವ್ಯಾನ್, ಅಂದರೆ ಮೂರು ಸಾಲು ಸೀಟಿನ ಕುಟುಂಬದ ವ್ಯಾನ್, ಟ್ರೈಲರ್ ಎಳೆಯುತ್ತದೆಯೇ ಎಂದು ಕೇಳಿದರೆ ಉತ್ತರ ಹೌದು. ಆದರೆ ಎಳೆಯುವುದು ಅದಕ್ಕೆ ಎರಡನೇ ಕೆಲಸ. ಮೊದಲ ಕೆಲಸ ಜನರನ್ನು ಕೂರಿಸಿಕೊಂಡು ಹೋಗುವುದು. ಪಿಕಪ್ ಟ್ರಕ್‌ಗೆ ಬಾಡಿಯ ಕೆಳಗೆ ಬೇರೆಯೇ ಚಾಸಿಸ್ ಇರುತ್ತದೆ. ಮಿನಿವ್ಯಾನ್‌ನಲ್ಲಿ ಬಾಡಿ, ಚಾಸಿಸ್ ಎರಡೂ ಒಂದೇ. ಹೆಚ್ಚಿನ ಮಿನಿವ್ಯಾನ್‌ಗಳಲ್ಲಿ ಎಂಜಿನ್‌ನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಟ್ರೈಲರ್ ಒತ್ತುವುದು ಮಾತ್ರ ಹಿಂಭಾಗವನ್ನು. ಹಿಂದೆ ಒತ್ತಿದಷ್ಟೂ ಮುಂದೆ ಹಗುರಾಗುತ್ತದೆ. ಗಾಡಿಯನ್ನು ಎಳೆಯುವ ಚಕ್ರಗಳು ಅವೇ, ತಿರುಗಿಸುವ ಚಕ್ರಗಳು ಅವೇ, ಜಾಸ್ತಿ ಬ್ರೇಕ್ ಹಿಡಿಯುವ ಚಕ್ರಗಳೂ ಅವೇ. ಮಿನಿವ್ಯಾನ್ ವಿಷಯದಲ್ಲಿ ಅಷ್ಟೊಂದು ಎಚ್ಚರ ಯಾಕೆ ಎಂಬುದಕ್ಕೆ ಕಾರಣ ಇಲ್ಲೇ ಇದೆ.

ಮೊದಲು ಲೆಕ್ಕ, ಆಮೇಲೆ ಕೊಂಡಿ

ಅಮೆರಿಕದಲ್ಲಿ ಮಾರುವ ಹೋಂಡಾ ಒಡಿಸ್ಸಿ, ಟೊಯೋಟಾ ಸಿಯೆನ್ನಾ ತರಹದ ಗಾಡಿಗಳ ಎಳೆಯುವ ಮಿತಿ 3,500 ಪೌಂಡ್, ಅಂದರೆ ಸುಮಾರು 1,590 ಕೆ.ಜಿ. ಆದರೆ ಒಂದೇ ಹೆಸರಿನ ಎಲ್ಲ ಗಾಡಿಗಳಿಗೂ ಮಿತಿ ಒಂದೇ ಅಲ್ಲ. ಟೋಯಿಂಗ್ ಪ್ಯಾಕೇಜ್ (ಟ್ರೈಲರ್ ಎಳೆಯಲು ಬೇಕಾದ ಸಲಕರಣೆಗಳ ಜೋಡಣೆ) ಇರುವ ಕ್ರೈಸ್ಲರ್ ಪೆಸಿಫಿಕಾ 3,600 ಪೌಂಡ್ ಎಳೆಯುತ್ತದೆ. ಅದರದೇ ಹೈಬ್ರಿಡ್ ಮಾದರಿಯಿಂದ ಟ್ರೈಲರ್ ಎಳೆಯಬೇಡಿ ಎಂದು ತಯಾರಕರೇ ಹೇಳುತ್ತಾರೆ. ಹಾಗಾಗಿ ಪಕ್ಕದ ಮನೆಯವರ ಗಾಡಿ ಎಳೆಯುತ್ತದೆ ಎಂದು ನಿಮ್ಮದೂ ಎಳೆಯಬೇಕಾಗಿಲ್ಲ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಟ್ರೈಲರ್ ಬಗ್ಗೆ ಇರುವ ಭಾಗವನ್ನು ಪೂರ್ತಿ ಓದಿ. ಎಂಜಿನ್, ಮಾದರಿ, ವರ್ಷ, ಗೇರ್‌ಬಾಕ್ಸ್ ಆಯಿಲ್ ಕೂಲರ್ ಇದೆಯೇ ಇಲ್ಲವೇ, ಇವೆಲ್ಲ ನೋಡಬೇಕು.

ಆ ದೊಡ್ಡ ಸಂಖ್ಯೆ ಕಂಡ ಕೂಡಲೇ ಸಮಾಧಾನ ಪಡಬೇಡಿ. ನಿಜವಾಗಿ ಮೊದಲು ಮುಗಿಯುವ ಮಿತಿ ಬೇರೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಟ್ರೈಲರ್‌ನ ಮೂಕಿ (ಮುಂದಕ್ಕೆ ಚಾಚಿದ ಎಳೆಯುವ ಕೋಲು) ಗಾಡಿಯ ಕೊಂಡಿಯ ಮೇಲೆ ಒತ್ತುವ ಭಾರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ತುಂಬಾ ಜನ ಮರೆಯುವುದು ಇದನ್ನೇ.

ಒಂದು ಲೆಕ್ಕ ಹಾಕಿ ನೋಡೋಣ. ಸ್ಟಿಕ್ಕರ್‌ನಲ್ಲಿ 550 ಕೆ.ಜಿ. ಎಂದಿದೆ ಅಂದುಕೊಳ್ಳಿ. ಐದು ಜನ ಕೂತರೆ 350 ಕೆ.ಜಿ. ಚೀಲ, ಪೆಟ್ಟಿಗೆ ಎಲ್ಲ ಸೇರಿ 80. ಟ್ರೈಲರ್ ಕಟ್ಟಲು ವ್ಯಾನ್‌ನ ಹಿಂದೆ ಆಮೇಲೆ ಹಾಕಿಸಿದ ಕಬ್ಬಿಣದ ಚೌಕಟ್ಟು, ಅಂದರೆ ಹಿಚ್‌ನ ತೂಕ 20. ಮೂಕಿ ಭಾರ 150. ಒಟ್ಟು 600. ಟ್ರೈಲರ್ ತೂಕ 1,500 ಕೆ.ಜಿ. ಇದ್ದು ಎಳೆಯುವ ಮಿತಿಯ ಒಳಗೇ ಇದ್ದರೂ, ವ್ಯಾನ್ ಮಾತ್ರ 50 ಕೆ.ಜಿ. ಮೀರಿ ಹೋಗಿದೆ. ಕೆಲವು ಕೈಪಿಡಿಗಳಲ್ಲಿ ಜನ ಹೆಚ್ಚಿದಂತೆ ಎಳೆಯುವ ಮಿತಿ ಎಷ್ಟು ಇಳಿಯುತ್ತದೆ ಎಂದು ಪಟ್ಟಿಯನ್ನೇ ಕೊಟ್ಟಿರುತ್ತಾರೆ. ಮೂರೂ ಸಾಲು ತುಂಬಿಸಿಕೊಂಡು ಭಾರದ ಟ್ರೈಲರನ್ನೂ ಎಳೆಯುತ್ತೇನೆ ಅಂದರೆ ಆಗುವುದಿಲ್ಲ. ಒಂದನ್ನು ಬಿಡಲೇಬೇಕು.

ಇದರ ಜೊತೆಗೆ ಇನ್ನೂ ಎರಡು ಮಿತಿಗಳಿವೆ: ಹಿಂದಿನ ಆಕ್ಸಲ್ ಹೊರಬಹುದಾದ ಭಾರ, ಮತ್ತು ವ್ಯಾನ್ ಹಾಗೂ ಟ್ರೈಲರ್ ಎರಡೂ ಸೇರಿದ ಒಟ್ಟು ತೂಕ. ಮಿನಿವ್ಯಾನ್‌ನಲ್ಲಿ ಹಿಂದಿನ ಆಕ್ಸಲ್ ಬೇಗ ಮಿತಿ ಮುಟ್ಟುತ್ತದೆ. ಯಾಕೆಂದರೆ ಕೊಂಡಿ ಇರುವುದು ಹಿಂದಿನ ಚಕ್ರಕ್ಕಿಂತಲೂ ಸಾಕಷ್ಟು ಹಿಂದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್, ಹಿಂದಿನ ಚಕ್ರದಿಂದ ಕೊಂಡಿಗೆ 1.2 ಮೀಟರ್ ಇದ್ದರೆ, 150 ಕೆ.ಜಿ. ಮೂಕಿ ಭಾರವು ಮುಂದಿನ ಚಕ್ರಗಳಿಂದ 60 ಕೆ.ಜಿ. ಎತ್ತಿಬಿಡುತ್ತದೆ. ಆ 60 ಕೆ.ಜಿ. ಸೇರಿ ಹಿಂದಿನ ಚಕ್ರಗಳ ಮೇಲೆ ಬೀಳುವುದು 210. ಅದರ ಮೇಲೆ ಡಿಕ್ಕಿಯಲ್ಲೂ ಭಾರ ತುಂಬಿದರೆ ಏನಾಗುತ್ತದೆ ಎಂದು ನೀವೇ ಊಹಿಸಬಹುದು. ವ್ಯಾನ್ ಒಳಗಿನ ಭಾರದ ಸಾಮಾನನ್ನು ಆದಷ್ಟು ಮಧ್ಯಕ್ಕೆ, ಎರಡನೇ ಸಾಲಿನ ಹತ್ತಿರಕ್ಕೆ ತನ್ನಿ.

ಈ ಲೆಕ್ಕಗಳನ್ನು ಕಾಗದದ ಮೇಲೆ ಮಾಡಿದರೆ ಸಾಲದು. ಪ್ರಯಾಣಕ್ಕೆ ಹೊರಡುವ ಹಾಗೆಯೇ ಎಲ್ಲ ತುಂಬಿಸಿ, ಎಲ್ಲರನ್ನೂ ಕೂರಿಸಿ ವೇ ಬ್ರಿಡ್ಜ್‌ಗೆ ಹೋಗಿ ತೂಗಿಸಿ. ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ, ಟ್ರೈಲರನ್ನು ಮಾತ್ರ ಹತ್ತಿಸಿ ಒಮ್ಮೆ, ಎಲ್ಲ ಸೇರಿಸಿ ಒಮ್ಮೆ ತೂಗಿ. ಖಾಲಿ ಟ್ರೈಲರ್ ಇಷ್ಟು ತೂಗುತ್ತದೆ ಎಂದು ಅಂಗಡಿಯವರು ಹೇಳಿದ್ದರಲ್ಲಿ ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರಿನ ತೂಕ ಸೇರಿಲ್ಲದೇ ಇರಬಹುದು. ನೀರು ಲೀಟರಿಗೆ ಒಂದು ಕೆ.ಜಿ. ನೂರು ಲೀಟರ್ ಟ್ಯಾಂಕ್ ತುಂಬಿಸಿದರೆ ನೂರು ಕೆ.ಜಿ. ಏರಿತು. ನನ್ನನ್ನು ಕೇಳಿದರೆ, ಮಿತಿಯ ಶೇಕಡಾ 80ರ ಹತ್ತಿರ ನಿಲ್ಲಿಸುವುದು ಒಳ್ಳೆಯದು. ಏರು ರಸ್ತೆ, ಎದುರುಗಾಳಿ, ಬಿಸಿಲು ಎಲ್ಲ ಒಟ್ಟಿಗೆ ಬಂದಾಗ ಆ ಉಳಿದ 20 ನಿಜಕ್ಕೂ ಬೇಕಾಗುತ್ತದೆ.

ತೂಕದಷ್ಟೇ ಟ್ರೈಲರ್‌ನ ಮುಖದ ಎತ್ತರ, ಅಗಲವೂ ಮುಖ್ಯ. ಗೋಡೆಯಂತೆ ನಿಂತ ಎತ್ತರದ ಟ್ರೈಲರ್ ಹಗುರವಾಗಿದ್ದರೂ ಗಾಳಿಗೆ ಅಡ್ಡ ನಿಲ್ಲುತ್ತದೆ. ಕೆಲವು ಕೈಪಿಡಿಗಳಲ್ಲಿ ಇದಕ್ಕೂ ಚದರ ಮೀಟರ್ ಲೆಕ್ಕದಲ್ಲಿ ಮಿತಿ ಇರುತ್ತದೆ.

ಹಿಚ್ ಮತ್ತು ಬಾಲ್

ಹಿಚ್, ಅದಕ್ಕೆ ಸೇರಿಸುವ ಬಾಲ್ ಮೌಂಟ್ ಎಂಬ ತೋಳು, ಅದರ ಮೇಲೆ ಕೂರುವ ಗುಂಡು ಅಂದರೆ ಬಾಲ್, ಆ ಬಾಲನ್ನು ಹಿಡಿಯುವ ಟ್ರೈಲರ್‌ನ ಕಪ್ಲರ್, ಪ್ರತಿಯೊಂದರ ಮೇಲೂ ಅದು ತಡೆಯುವ ತೂಕ ಬರೆದಿರುತ್ತದೆ. ಎಲ್ಲಕ್ಕಿಂತ ಕಡಿಮೆ ಸಂಖ್ಯೆ ಯಾವುದೋ ಅದೇ ನಿಮ್ಮ ಮಿತಿ. ದೊಡ್ಡ ಹಿಚ್ ಹಾಕಿಸಿದ ಮಾತ್ರಕ್ಕೆ ವ್ಯಾನ್‌ನ ಮಿತಿ ಏರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬಾಲ್ ಅಳತೆಯಲ್ಲಿ ಸ್ವಲ್ಪವೂ ಸಡಿಲ ಬೇಡ. ಅಮೆರಿಕದ ಕಡೆ 1⅞ ಇಂಚು, 2 ಇಂಚು, 2 5/16 ಇಂಚು ಎಂಬ ಮೂರು ಅಳತೆಗಳು ಸಾಮಾನ್ಯ. ಯುರೋಪಿನಲ್ಲಿ 50 ಮಿ.ಮೀ. 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೂ ಕೂರುತ್ತದೆ, ಚಿಲಕವೂ ಬೀಳುತ್ತದೆ. ನೋಡಲು ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಮೊದಲ ಗುಂಡಿಯಲ್ಲಿ ಟ್ರೈಲರ್ ಹಾರಿ ಕಳಚಿಕೊಳ್ಳಬಹುದು. ಬಾಲ್‌ನ ತಲೆಯ ಮೇಲೂ ಕಪ್ಲರ್ ಮೇಲೂ ಅಚ್ಚೊತ್ತಿರುವ ಸಂಖ್ಯೆ ಓದಿ, ಎರಡೂ ಒಂದೇ ಎಂದು ಖಚಿತ ಮಾಡಿಕೊಳ್ಳಿ.

ಕಟ್ಟಿದ ಮೇಲೆ ಟ್ರೈಲರ್ ನೆಲಕ್ಕೆ ಸಮವಾಗಿ ನಿಲ್ಲಬೇಕು. ಮೂತಿ ಮೇಲಕ್ಕೆ ಎದ್ದಿದ್ದರೆ ಟ್ರೈಲರ್ ಆಡಲು, ಅಂದರೆ ಆ ಕಡೆ ಈ ಕಡೆ ಬೀಸಲು, ಶುರುಮಾಡುತ್ತದೆ. ಬಾಲ್ ಮೌಂಟ್ ಎತ್ತರ ಬದಲಿಸಿ ಇದನ್ನು ಸರಿ ಮಾಡಬಹುದು. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವಿಶೇಷ ಹಿಚ್ ಸಿಗುತ್ತದೆ. ಮಿನಿವ್ಯಾನ್‌ಗೆ ಅದನ್ನು ಹಾಕಲು ಕೆಲವು ತಯಾರಕರು ಒಪ್ಪುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಕೈಪಿಡಿ ಹೇಳಿದ್ದನ್ನು ಕೇಳಿ.

ಸಾಮಾನು ತುಂಬುವುದು, ಮೂಕಿ ಭಾರ ಅಳೆಯುವುದು

ಟ್ರೈಲರ್ ಅಡ್ಡಾದಿಡ್ಡಿ ಆಡುವುದಕ್ಕೆ ದೊಡ್ಡ ಕಾರಣ ಹಿಂದೆ ಭಾರ ಜಾಸ್ತಿ, ಮುಂದೆ ಕಡಿಮೆ ಆಗಿರುವುದು. ಅಮೆರಿಕದ ಪದ್ಧತಿಯಲ್ಲಿ ಟ್ರೈಲರ್ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಯುರೋಪಿನ ಕಾರವಾನ್‌ಗಳಿಗೆ (ಒಳಗೆ ಉಳಿದುಕೊಳ್ಳುವಂಥ ಮನೆ ಟ್ರೈಲರ್‌ಗಳಿಗೆ) ಶೇಕಡಾ 5ರಿಂದ 7 ಹೇಳುತ್ತಾರೆ. ಅಲ್ಲಿ ಟ್ರೈಲರ್‌ನ ರಚನೆಯೂ ಬೇರೆ, ಓಡಿಸುವ ವೇಗವೂ ಕಡಿಮೆ. ನಿಮ್ಮ ಟ್ರೈಲರ್ ಯಾವ ಬಗೆಯದೋ ಅದರ ಲೆಕ್ಕ ಹಿಡಿಯಿರಿ. ವ್ಯಾನ್ ಕೈಪಿಡಿಯಲ್ಲಿರುವ ಮೂಕಿ ಭಾರದ ಮಿತಿಯನ್ನೂ ದಾಟಬೇಡಿ.

ತುಂಬುವಾಗ ಸುಮಾರು ಶೇಕಡಾ 60ರಷ್ಟು ಭಾರ ಟ್ರೈಲರ್ ಆಕ್ಸಲ್‌ನ ಮುಂದೆ ಇರಲಿ. ಅತಿ ಭಾರದ ವಸ್ತು ಆಕ್ಸಲ್‌ಗೆ ಹತ್ತಿರ, ನೆಲಕ್ಕೆ ಹತ್ತಿರ ಇರಬೇಕು. ತೀರಾ ಹಿಂದಿನ ಮೂಲೆಗೆ ಭಾರ ಬೇಡವೇ ಬೇಡ. ಎಡ ಬಲ ಸಮ ಇರಲಿ. ಎಲ್ಲವನ್ನೂ ಬೆಲ್ಟ್ ಹಾಕಿ ಬಿಗಿಯಾಗಿ ಕಟ್ಟಿ. ಹಗ್ಗ ಸಡಿಲಾಗಿ ಸಾಮಾನು ಹಿಂದಕ್ಕೆ ಜಾರಿದರೆ, ಮನೆಯಲ್ಲಿ ಸರಿ ಇದ್ದ ಮೂಕಿ ಭಾರ ದಾರಿಯಲ್ಲಿ ಸರಿ ಇರುವುದಿಲ್ಲ.

ಇದನ್ನು ಅಳೆಯಲು ನಾವು ದೇಹದ ತೂಕ ನೋಡುವ ಸಾಧಾರಣ ಯಂತ್ರವೇ ಸಾಕು. ಟ್ರೈಲರ್ ಸಮತಟ್ಟಾದ ನೆಲದಲ್ಲಿರಲಿ, ಚಕ್ರಗಳಿಗೆ ಅಡ್ಡ ಕೊಡಿ. ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ತೂಕದ ಯಂತ್ರ ಇಡಿ. ಎರಡರ ಮೇಲೂ ಸಮವಾಗಿ ಕೂರುವಂತೆ ಗಟ್ಟಿ ಮರದ ಹಲಗೆ ಇಡಿ. ಮೂಕಿ ಹಲಗೆಯನ್ನು ಒತ್ತುವ ಜಾಗ ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರ ಇರಬೇಕು. ಹಲಗೆ ಮಾತ್ರ ಇದ್ದಾಗ ಯಂತ್ರ ಎಷ್ಟು ತೋರಿಸುತ್ತದೆ ಎಂದು ಮೊದಲೇ ನೋಡಿ ಅದನ್ನು ಕಳೆದುಕೊಳ್ಳಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂಕಿ ಭಾರ ಸಿಕ್ಕಿತು. 45 ತೋರಿಸಿದರೆ 135 ಕೆ.ಜಿ. ಅಳೆಯುವಾಗ ಕಪ್ಲರ್ ವ್ಯಾನ್‌ಗೆ ಕಟ್ಟಿದಾಗ ಇರುವ ಎತ್ತರದಲ್ಲೇ ಇರಲಿ.

ಬ್ರೇಕ್, ದೀಪ, ಟೈರ್

ವ್ಯಾನ್‌ನ ಬ್ರೇಕ್ ವ್ಯಾನ್‌ಗಾಗಿ ಮಾಡಿದ್ದು. ಯುರೋಪಿನಲ್ಲಿ 750 ಕೆ.ಜಿ. ದಾಟಿದ ಟ್ರೈಲರ್‌ಗೆ ಅದರದೇ ಬ್ರೇಕ್ ಕಡ್ಡಾಯ. ಕೆಲವು ಮಿನಿವ್ಯಾನ್ ಕೈಪಿಡಿಗಳು ಸುಮಾರು 450 ಕೆ.ಜಿ. ದಾಟಿದ ಕೂಡಲೇ ಬ್ರೇಕ್ ಇರಲಿ ಅನ್ನುತ್ತವೆ. ಕಾನೂನು ಕೇಳದಿದ್ದರೂ ಭಾರದ ಟ್ರೈಲರ್‌ಗೆ ಬ್ರೇಕ್ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದರಲ್ಲಿ ಎರಡು ಬಗೆ. ಒಂದು, ವ್ಯಾನ್ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುವ ಒತ್ತಡದಿಂದಲೇ ಕೆಲಸ ಮಾಡುವುದು. ಇನ್ನೊಂದು, ಕರೆಂಟ್‌ನಿಂದ ನಡೆಯುವುದು. ಎರಡನೆಯದಕ್ಕೆ ವ್ಯಾನ್ ಒಳಗೆ ಬ್ರೇಕ್ ಕಂಟ್ರೋಲರ್ (ಟ್ರೈಲರ್ ಬ್ರೇಕ್ ಎಷ್ಟು ಹಿಡಿಯಬೇಕು ಎಂದು ಹೊಂದಿಸುವ ಸಾಧನ) ಬೇಕು, 7 ಪಿನ್ ಸಾಕೆಟ್ ಬೇಕು. ಹಲವು ಮಿನಿವ್ಯಾನ್‌ಗಳಿಗೆ ಹಾಕುವ 4 ಪಿನ್ ಸಾಕೆಟ್ ದೀಪಗಳಿಗೆ ಮಾತ್ರ ಸಾಲುತ್ತದೆ. ಟ್ರೈಲರ್ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ. ಕಂಟ್ರೋಲರ್ ಹೊಂದಿಸಲು ಖಾಲಿ ಜಾಗದಲ್ಲಿ ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಟ್ರೈಲರ್ ಬ್ರೇಕ್ ಮಾತ್ರ ಒತ್ತಿ ನೋಡಿ. ಚಕ್ರ ಉಜ್ಜಿಕೊಂಡು ನಿಂತರೆ ಕಡಿಮೆ ಮಾಡಿ, ಹಿಡಿದದ್ದೇ ಗೊತ್ತಾಗದಿದ್ದರೆ ಹೆಚ್ಚಿಸಿ. ಭಾರ ಬದಲಾದಾಗಲೆಲ್ಲ ಮತ್ತೆ ಹೊಂದಿಸಬೇಕು.

ದೀಪಗಳನ್ನು ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿ. ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪವೂ ಮಿಣುಕುತ್ತಿದ್ದರೆ ಮೊದಲು ಅರ್ತ್ ವೈರ್ ನೋಡಿ. ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಟ್ರೈಲರ್ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಟೈರ್‌ನ ಗೀರು ಹೊಸದರಂತೆ ಕಂಡರೂ ರಬ್ಬರ್ ಒಳಗೆ ಬಿರುಕು ಬಿಟ್ಟಿರಬಹುದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದನ್ನು ಬದಲಿಸುವ ಯೋಚನೆ ಮಾಡಿ. ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಬೇಕು. ಟ್ರೈಲರ್ ಟೈರ್‌ಗೆ ಗಾಳಿ ಕಡಿಮೆಯಾದರೆ ಅದು ಬಿಸಿಯಾಗಿ ಒಡೆಯುತ್ತದೆ. ಹಲವು ಟ್ರೈಲರ್ ಟೈರ್‌ಗಳ ವೇಗದ ಮಿತಿ ಗಂಟೆಗೆ ಸುಮಾರು 105 ಕಿ.ಮೀ. ಮಾತ್ರ. ವ್ಯಾನ್‌ನ ಹಿಂದಿನ ಟೈರ್‌ಗಳಿಗೂ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಹಾಕಿ. ಟ್ರೈಲರ್‌ಗೆ ಬೇರೆಯೇ ಸ್ಟೆಪ್ನಿ ಇಟ್ಟುಕೊಳ್ಳಿ. ವ್ಯಾನ್‌ಗೆ ಚಿಕ್ಕ ಸ್ಟೆಪ್ನಿ ಹಾಕಬೇಕಾಗಿ ಬಂದರೆ ಅದರಲ್ಲಿ ಟ್ರೈಲರ್ ಎಳೆಯಬೇಡಿ.

ಕಟ್ಟುವ ಕ್ರಮ

ಪ್ರತಿ ಸಲ ಇದೇ ಕ್ರಮದಲ್ಲಿ ಮಾಡಿ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲಿಂದ ಶುರುಮಾಡಿ.

1. ಟ್ರೈಲರ್ ಚಕ್ರಗಳಿಗೆ ಅಡ್ಡ ಕೊಟ್ಟಿದೆ ಎಂದು ನೋಡಿ. ಕಪ್ಲರ್ ಬಾಲ್‌ಗಿಂತ ಮೇಲೆ ಇರುವಂತೆ ಜಾಕ್ ಎತ್ತಿ.
2. ವ್ಯಾನ್ ಹಿಂದಕ್ಕೆ ತಂದು ಬಾಲ್ ನೇರ ಕೆಳಗೆ ಬರುವಂತೆ ನಿಲ್ಲಿಸಿ. ವ್ಯಾನ್‌ಗೂ ಟ್ರೈಲರ್‌ಗೂ ನಡುವೆ ಯಾರೂ ನಿಲ್ಲಬಾರದು.
3. ಕಪ್ಲರ್ ಇಳಿಸಿ, ಚಿಲಕ ಹಾಕಿ, ಪಿನ್ ಸೇರಿಸಿ. ಈಗ ಜಾಕ್‌ನಿಂದ ಮೂಕಿಯನ್ನು ಸ್ವಲ್ಪ ಮೇಲೆತ್ತಿ. ವ್ಯಾನ್‌ನ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಸರಿಯಾಗಿ ಕೂತಿದೆ. ಕಪ್ಲರ್ ಮಾತ್ರ ಮೇಲೆ ಬಂದರೆ ಕೂತಿಲ್ಲ.
4. ಸೇಫ್ಟಿ ಚೈನ್‌ಗಳನ್ನು ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವಂತೆ ಹಾಕಿ. ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ಬೀಳದೆ ಚೈನ್ ಮೇಲೆ ನಿಲ್ಲುತ್ತದೆ. ತಿರುಗಲು ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ಮಾತ್ರ ತಾಗಬಾರದು.
5. ಬ್ರೇಕ್‌ಅವೇ ಕೇಬಲ್ ಇದ್ದರೆ ಅದನ್ನು ಚೈನ್‌ಗೆ ಸಿಕ್ಕಿಸಬೇಡಿ. ವ್ಯಾನ್ ಕಡೆಯ ಗಟ್ಟಿ ಜಾಗಕ್ಕೆ ಬೇರೆಯಾಗಿ ಸಿಕ್ಕಿಸಿ. ಎಲ್ಲ ಕಳಚಿದರೆ ಟ್ರೈಲರ್ ಬ್ರೇಕ್ ತಾನೇ ಹಿಡಿಯುವಂತೆ ಮಾಡುವುದು ಈ ಕೇಬಲ್.
6. ವೈರ್ ಜೋಡಿಸಿ, ಜಾಕ್ ಪೂರ್ತಿ ಮೇಲೆತ್ತಿ, ಕೊನೆಗೆ ಅಡ್ಡ ತೆಗೆಯಿರಿ.

ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎಲ್ಲವನ್ನೂ ಮತ್ತೊಮ್ಮೆ ನೋಡಿ. ಚಕ್ರ ಬಿಚ್ಚಿ ಹಾಕಿದ್ದರೆ 80ರಿಂದ 160 ಕಿ.ಮೀ. ಒಳಗೆ ವೀಲ್ ನಟ್‌ಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೆ ಬಿಗಿ ಮಾಡಿ. ನಿಂತಾಗಲೆಲ್ಲ ಟ್ರೈಲರ್ ಚಕ್ರದ ಮಧ್ಯದ ಹಬ್ ಹತ್ತಿರ ಎಚ್ಚರದಿಂದ ಕೈ ತನ್ನಿ. ಒಂದು ಹಬ್ ಉಳಿದವಕ್ಕಿಂತ ತುಂಬಾ ಬಿಸಿ ಇದ್ದರೆ ಬೇರಿಂಗ್ ಕೆಡುತ್ತಿದೆ ಅಥವಾ ಬ್ರೇಕ್ ಅಂಟಿಕೊಂಡಿದೆ. ಅದನ್ನು ನೋಡಿಯೂ ಮುಂದೆ ಹೋಗಬೇಡಿ.

ರಸ್ತೆಯಲ್ಲಿ

ವೇಗವೇ ಎಲ್ಲಕ್ಕಿಂತ ದೊಡ್ಡ ವಿಷಯ. ಗಂಟೆಗೆ 80ರ ಬದಲು 100ರಲ್ಲಿ ಹೋದರೆ, ನಿಲ್ಲಿಸಬೇಕಾದ ಶಕ್ತಿ ಶೇಕಡಾ 56ರಷ್ಟು ಹೆಚ್ಚಾಗುತ್ತದೆ. ಗಾಳಿಯ ತಡೆಯೂ ಅಷ್ಟೇ ಏರುತ್ತದೆ. ಟ್ರೈಲರ್ ಆಡಲು ಶುರುವಾಗುವ ಸಂಭವವೂ ವೇಗದ ಜೊತೆ ಏರುತ್ತದೆ. 80–90ರಲ್ಲಿ ಹೋದರೆ ತಲುಪುವುದು ಸ್ವಲ್ಪ ತಡ, ಅಷ್ಟೇ ಅಲ್ವಾ? ಮುಂದಿನ ಗಾಡಿಯಿಂದ ಕನಿಷ್ಠ ನಾಲ್ಕೈದು ಸೆಕೆಂಡ್ ಅಂತರ ಇರಲಿ, ಮಳೆಯಲ್ಲಿ ಇನ್ನೂ ಜಾಸ್ತಿ. ತಿರುವಿನಲ್ಲಿ ಟ್ರೈಲರ್ ಒಳಗಿನಿಂದ ಹಾಯುತ್ತದೆ, ಆದ್ದರಿಂದ ಸ್ವಲ್ಪ ಮುಂದೆ ಹೋಗಿ ಅಗಲವಾಗಿ ತಿರುಗಿಸಿ. ಟ್ರೈಲರ್ ವ್ಯಾನ್‌ಗಿಂತ ಅಗಲ ಇದ್ದರೆ ಹೆಚ್ಚುವರಿ ಕನ್ನಡಿ ಹಾಕಿಸಿ. ಟ್ರೈಲರ್ ಒಳಗೆ ಜನರನ್ನು ಕೂರಿಸಬೇಡಿ.

ಒದ್ದೆ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಹಗುರಾದ ಮುಂದಿನ ಚಕ್ರಗಳು ಸುತ್ತಿಕೊಳ್ಳಬಹುದು. ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಉದ್ದದ ಏರಿನಲ್ಲಿ ಗೇರ್‌ಬಾಕ್ಸ್ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬದಲಾಗುತ್ತಲೇ ಇದ್ದರೆ ಆಯಿಲ್ ಬಿಸಿಯಾಗುತ್ತದೆ. ಟ್ರೈಲರ್ ಎಳೆಯಲೆಂದೇ ಇರುವ ಟೋ ಮೋಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಒಂದು ಗೇರ್ ಕೆಳಗೆ ಇಳಿಸಿ ಹಿಡಿದುಕೊಳ್ಳಿ. ಎಂಜಿನ್ ಬಿಸಿ ಏರುತ್ತಿದ್ದರೆ ಎ.ಸಿ. ಆರಿಸಿ. ಇನ್ನೂ ಏರಿದರೆ ಹೀಟರ್ ಹಾಕಿ, ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಇಳಿಜಾರಿನಲ್ಲಿ ಇಳಿಯಲು ಶುರುಮಾಡುವ ಮೊದಲೇ ಕಡಿಮೆ ಗೇರ್‌ಗೆ ಬನ್ನಿ. ಬ್ರೇಕನ್ನು ಒತ್ತಿಯೇ ಹಿಡಿದಿರಬೇಡಿ. ಒಮ್ಮೆ ಒತ್ತಿ ವೇಗ ಇಳಿಸಿ, ಬಿಡಿ, ಅದು ತಣ್ಣಗಾಗಲಿ.

ಟ್ರೈಲರ್ ಆಡತೊಡಗಿದರೆ

ದೊಡ್ಡ ಟ್ರಕ್ ಪಕ್ಕದಲ್ಲಿ ಹಾದಾಗ, ಅಡ್ಡಗಾಳಿ ಬೀಸಿದಾಗ, ಇಳಿಜಾರಿನಲ್ಲಿ ವೇಗ ಏರಿದಾಗ ಟ್ರೈಲರ್ ಆ ಕಡೆ ಈ ಕಡೆ ಬೀಸತೊಡಗಬಹುದು. ಆಗ ಮನಸ್ಸು ಹೇಳುವುದೆಲ್ಲ ತಪ್ಪು: ಜೋರಾಗಿ ಬ್ರೇಕ್ ಒತ್ತು ಅನ್ನುತ್ತದೆ, ಸ್ಟಿಯರಿಂಗ್ ಎದುರು ತಿರುಗಿಸು ಅನ್ನುತ್ತದೆ. ವ್ಯಾನ್ ಬ್ರೇಕ್ ಜೋರಾಗಿ ಒತ್ತಿದರೆ ಟ್ರೈಲರ್ ಹಿಂದಿನಿಂದ ತಳ್ಳಿ ವ್ಯಾನ್‌ನ್ನೇ ತಿರುಗಿಸಿಬಿಡಬಹುದು. ಟ್ರೈಲರ್ ಬೀಸಿದಂತೆ ಸ್ಟಿಯರಿಂಗ್ ಆಡಿಸಿದರೆ ಬೀಸು ಇನ್ನೂ ದೊಡ್ಡದಾಗುತ್ತದೆ.

ಸ್ಟಿಯರಿಂಗ್ ನೇರ, ಗಟ್ಟಿಯಾಗಿ ಹಿಡಿಯಿರಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಂಟ್ರೋಲರ್ ಇದ್ದರೆ ಟ್ರೈಲರ್ ಬ್ರೇಕ್ ಮಾತ್ರ ಕೈಯಿಂದ ಮೆಲ್ಲಗೆ ಒತ್ತಿ. ಅದು ಹಿಂದಿನಿಂದ ಎಳೆದು ಸಾಲಿಗೆ ತರುತ್ತದೆ. ವೇಗ ಹೆಚ್ಚಿಸಿ ಸರಿ ಮಾಡಲು ಹೋಗಬೇಡಿ. ನಿಂತ ಮೇಲೆ ಕೆಳಗಿಳಿದು ಭಾರ ಎಲ್ಲಿ ಸರಿದಿದೆ, ಟೈರ್ ಗಾಳಿ ಎಷ್ಟಿದೆ ನೋಡಿ. ಭಾರವನ್ನು ಮುಂದಕ್ಕೆ ಸರಿಸದೆ ಅದೇ ವೇಗದಲ್ಲಿ ಹೋದರೆ ಮತ್ತೆ ಆಡುತ್ತದೆ. ಕೆಲವು ಹೊಸ ವ್ಯಾನ್‌ಗಳಲ್ಲಿ ಇದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಅದು ಒಳ್ಳೆಯದೇ, ಆದರೆ ತಪ್ಪಾಗಿ ತುಂಬಿದ ಟ್ರೈಲರನ್ನು ಅದು ಸರಿ ಮಾಡುವುದಿಲ್ಲ.

ರಿವರ್ಸ್, ಬಿಚ್ಚುವುದು

ಕೈಯನ್ನು ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಇಡಿ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಎಡಕ್ಕೆ ಸರಿಸಿದರೆ ಟ್ರೈಲರ್ ಎಡಕ್ಕೆ ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ. ಚಿಕ್ಕ ಟ್ರೈಲರ್ ಬೇಗ ಮಡಚಿಕೊಳ್ಳುತ್ತದೆ, ಉದ್ದದ್ದು ನಿಧಾನ. ಕೋನ ಕೈ ಮೀರಿತು ಅನ್ನಿಸಿದರೆ ಮುಂದೆ ಬಂದು ನೇರ ಮಾಡಿಕೊಳ್ಳಿ. ಹಿಂದೆ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಅವರು ಕನ್ನಡಿಯಲ್ಲಿ ಕಾಣದಿದ್ದರೆ ಕೂಡಲೇ ನಿಲ್ಲಿಸಿ. ಮೊದಲ ಸಲವೇ ಇಕ್ಕಟ್ಟಿನ ಜಾಗದಲ್ಲಿ ಮಾಡಬೇಡಿ. ಖಾಲಿ ಮೈದಾನದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಬಿಚ್ಚುವಾಗ ಮೊದಲು ಚಕ್ರಗಳಿಗೆ ಅಡ್ಡ, ಆಮೇಲೆ ಉಳಿದದ್ದು. ಮೂಕಿಯನ್ನು ಜಾಕ್ ಹೊತ್ತುಕೊಂಡ ಮೇಲೆ ಕಪ್ಲರ್ ಚಿಲಕ ತೆಗೆಯಿರಿ. ಮೂಕಿ ಥಟ್ಟನೆ ಮೇಲೆದ್ದರೆ ಹಿಂದೆ ಭಾರ ಜಾಸ್ತಿ ಇದೆ ಎಂದರ್ಥ. ಹಾಗಾಗಿ ಮುಖ, ಕೈ ದೂರ ಇರಲಿ. ಟ್ರೈಲರ್ ಎಳೆಯುವ ವ್ಯಾನ್‌ಗೆ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಅವಧಿಯನ್ನು ಕೈಪಿಡಿಯಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ. ಅದು ಸಾಮಾನ್ಯ ಅವಧಿಗಿಂತ ಬೇಗ ಬರುತ್ತದೆ. ದೊಡ್ಡ ಪ್ರಯಾಣದ ನಂತರ ಗೇರ್‌ಬಾಕ್ಸ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಆ ಅವಧಿಗೂ ಕಾಯದೆ ಗ್ಯಾರೇಜ್‌ಗೆ ತೋರಿಸಿ.